ಒಂದೇ ತಿಂಗಳ ವರ್ಷ

ಬಹಳ ಹಿಂದೆ, ನಮ್ಮ ನಿಮ್ಮ ಬುದ್ಧಿವಂತಿಕೆ ಹುಟ್ಟುವುದಕ್ಕೂ ಹಿಂದೆ, ಬಾಡಿಗಾವತಿ ಎಂಬ ರಾಜ್ಯವೊಂದಿತ್ತು. ಶ್ರೀಮನ್ಮಹಾರಾಜ ವಿಸ್ತೀರ್ಣವರ್ಮರು ಅದನ್ನು ಆಳುತ್ತಿದ್ದರು. ಅಲ್ಲಿ ತಿಮ್ಮಾಂಬೆ ಎಂಬ ವಿಧವೆಗೆ ಇದ್ದದ್ದು ಒಂದೇ ಒಂದು ಮಹಡಿ ಮನೆ. ಕೆಳಗೆ ತಾನಿದ್ದು, ಮೇಲ್ಭಾಗವನ್ನು ಹಾರ್ಮೋನಿಯಂ ರಿಪೇರಿಯ ಸೋಮಯ್ಯನಿಗೆ ಬಾಡಿಗೆಗೆ ಕೊಟ್ಟು ಜೀವನ ನಡೆಸುತ್ತಿದ್ದಳು.

ಆ ರಾಜ್ಯದಲ್ಲಿ ವರ್ಷಾವಧಿಯ ಬಾಡಿಗೆ ಕರಾರು ಮಾಡಿದರೆ ಅರಮನೆಯಲ್ಲಿ ನೋಂದಾಯಿಸಿ ಶುಲ್ಕ ಕಟ್ಟಬೇಕಿತ್ತು. ಆದ್ದರಿಂದ ಸಮಸ್ತ ಮಾಲೀಕರೂ ಹನ್ನೊಂದೇ ತಿಂಗಳಿಗೆ ಕರಾರು ಬರೆದು, ಮುಗಿದೊಡನೆ ಮತ್ತೆ ಹನ್ನೊಂದು ತಿಂಗಳಿಗೆ ಬರೆಯುತ್ತಿದ್ದರು. ಬೊಕ್ಕಸಕ್ಕೆ ಬಿಡಿಗಾಸೂ ಬೀಳುತ್ತಿರಲಿಲ್ಲ.

"ಪ್ರಜೆಗಳು ನಮಗೆ ಟೋಪಿ ಹಾಕುತ್ತಿದ್ದಾರೆಯೇ?" ಎಂದು ಮಹಾರಾಜರು ಕೇಳಿದರು.

"ಛೆ ಛೆ, ಎಲ್ಲಾದರೂ ಉಂಟೇ ಪ್ರಭು! ತಮಗೆ ಟೋಪಿ ಹಾಕುವಷ್ಟು ಎತ್ತರ ಯಾರಿಗಿದೆ? ವರ್ಷವೇ ಒಂದು ತಿಂಗಳು ಹೆಚ್ಚು ಉದ್ದವಾಗಿದೆ," ಎಂದ ಕಾನೂನು ಮಂತ್ರಿ ಕಲಮೇಶ್ವರ.

ಮರುದಿನವೇ ಫಾಲ್ಗುಣ ಮಾಸ ರದ್ದಾಯಿತು. ಮಾಲೀಕರು ಹತ್ತು ತಿಂಗಳಿಗೆ ಕರಾರು ಬರೆದರು. ಮಾಘ ರದ್ದಾಯಿತು. ಒಂಬತ್ತಕ್ಕೆ ಬರೆದರು; ಪುಷ್ಯ ಹೋಯಿತು. ಎರಡೂ ಕಡೆಯವರು ಜಪ್ಪಯ್ಯ ಎಂದರೂ ಹಟ ಬಿಡಲಿಲ್ಲ. ಕೊನೆಗೆ ಚೈತ್ರವೊಂದೇ ಉಳಿಯಿತು. ಪ್ರತಿ ಅಮಾವಾಸ್ಯೆಯ ಮಾರನೇ ದಿನ ಯುಗಾದಿ. ಬೇವಿನ ಮರಗಳು ಬೋಳಾದವು. ತೊಟ್ಟಿಲಲ್ಲಿದ್ದ ಕೂಸುಗಳು ಮದುವೆಯ ವಯಸ್ಸು ದಾಟಿದವು.

ಒಂದು ಬೆಳಗ್ಗೆ ಸೋಮಯ್ಯ ಮೆಟ್ಟಿಲಿಳಿದು ಬಂದು ತಲೆ ಕೆರೆದುಕೊಂಡ. "ಅಮ್ಮಾ, ತಪ್ಪು ತಿಳ್ಕೋಬೇಡಿ. ಹನ್ನೆರಡು ವರ್ಷ ವಾಸ ಮಾಡಿದೋನಿಗೇ ಮನೆ ಅಂತ ಕಾನೂನಿದೆಯಂತೆ. ನಿನ್ನೆಗೆ ನನಗೆ ಹನ್ನೆರಡು ತುಂಬ್ತು."

"ನೀನು ಬಂದ ಮೇಲೆ ಮಾವು ಒಂದೇ ಸಲ ಬಿಟ್ಟಿದೆಯಲ್ಲಯ್ಯಾ!"

"ಮಾವಿಗೆ ಕಾನೂನು ಗೊತ್ತಿಲ್ಲಮ್ಮ."

ಮನೆ ಹೋದರೆ ತಿಮ್ಮಾಂಬೆಗೆ ಬೀದಿಯೇ ಗತಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ಆಸ್ಥಾನಕ್ಕೆ ನಡೆದಳು.

"ವರ್ಷವೆಂದರೆ ವರ್ಷ. ಮನೆ ಸೋಮಯ್ಯನದೇ," ಎಂದರು ಮಹಾರಾಜರು.

"ಹಾಗಾದ್ರೆ ಸ್ವಾಮಿ, ಅರಮನೇಲೇ ವಾಸವಾಗಿರೋ ಅಡುಗೆ ಭಟ್ಟರಿಗೂ ಹನ್ನೆರಡು ಯುಗಾದಿ ಕಳೀತಲ್ಲ? ಅರಮನೆ ಬಿಟ್ಟುಕೊಡ್ತೀರಾ?"

ಬಾಗಿಲಲ್ಲಿದ್ದ ಅಡುಗೆ ಭಟ್ಟರು ಸಿಂಹಾಸನವನ್ನು ಕಣ್ಣಲ್ಲೇ ಅಳೆಯತೊಡಗಿದರು. ಮಹಾರಾಜರು ಬೆವೆತರು. ಗೆದ್ದೆನೆಂದು ತಿಮ್ಮಾಂಬೆ ಹಿಗ್ಗಿದಳು.

ಆದರೆ ಕಲಮೇಶ್ವರ ಸುಮ್ಮಸುಮ್ಮನೆ ಮಂತ್ರಿಯಾದವನಲ್ಲ. "ಪ್ರಭು, ಮಾಲೀಕರು ಅನೇಕರಿರುವುದೇ ಈ ಗೊಂದಲಕ್ಕೆಲ್ಲ ಮೂಲ. ಒಬ್ಬರೇ ಇದ್ದರೆ ವ್ಯಾಜ್ಯವೆಲ್ಲಿ?"

"ಆ ಒಬ್ಬರು ಯಾರಾಗಬಹುದು?" ಎಂದು ಮಹಾರಾಜರು ನಾಚಿಕೊಂಡು ಕೇಳಿದರು.

ಹೀಗೆ ರಾಜ್ಯದ ಸಕಲ ಗೃಹಗಳೂ ಅರಮನೆಯ ಸ್ವತ್ತಾದವು, ಪ್ರಜೆಗಳೆಲ್ಲರೂ ಬಾಡಿಗೆದಾರರಾದರು. ವಿಸ್ತೀರ್ಣವರ್ಮರಿಗೆ 'ಗೃಹಚಕ್ರವರ್ತಿ' ಎಂದು ಎರಡನೇ ಪಟ್ಟಾಭಿಷೇಕ ನಡೆಯಿತು. ಬಾಡಿಗೆ ವರ್ಷಕ್ಕೊಮ್ಮೆ, ಅಂದರೆ ತಿಂಗಳಿಗೊಮ್ಮೆ, ಏರತೊಡಗಿತು. ತಿಮ್ಮಾಂಬೆಯೂ ಸೋಮಯ್ಯನೂ ಅದೇ ಮನೆಗೆ ಅಡ್ವಾನ್ಸ್ ಕಟ್ಟಲು ಒಂದೇ ಸಾಲಿನಲ್ಲಿ ನಿಂತರು.

ಗುಮಾಸ್ತ ಷರತ್ತು ಓದಿದ: "ಪ್ರತಿ ಮನೆಯ ಗೋಡೆಯ ಮೇಲೂ ಗೃಹಚಕ್ರವರ್ತಿಗಳ ಭಾವಚಿತ್ರ ಸದಾ ರಾರಾಜಿಸತಕ್ಕದ್ದು. ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ."

"ಮತ್ತೆ ಹೇಗಪ್ಪಾ ತೂಗುಹಾಕೋದು?" ಎಂದಳು ತಿಮ್ಮಾಂಬೆ.

"ಕೈ ಇಲ್ವಾ ನಿಮಗೆ?"

ಅಂದಿನಿಂದ ಬೆಳಗಿನ ಪಾಳಿಯಲ್ಲಿ ತಿಮ್ಮಾಂಬೆ, ಸಂಜೆಯ ಪಾಳಿಯಲ್ಲಿ ಸೋಮಯ್ಯ, ಮಹಾರಾಜರನ್ನು ಗೋಡೆಗೆ ಒತ್ತಿ ಹಿಡಿದು ನಿಲ್ಲುತ್ತಾರೆ. ಚಿತ್ರಕ್ಕೆ ಚಿನ್ನದ ಕಟ್ಟು ಹಾಕಿಸಿದ್ದಾರೆ, ಬಲು ಭಾರ. ಅದಕ್ಕೆ ಬಾಡಿಗೆ ಬೇರೆ.