ಮೋತಿ ಉಂಡರೆ ಮಾಸ್ತರರ ಸಹಿ

ಚಾಮರಾಜನಗರದ ಕಡೆ ಹುಟ್ಟಿದ ನಾನು ಕುಡಚಿಗೆ ಬಂದು ನಲವತ್ತು ವರ್ಷವಾಯಿತು. ಇನ್ನು ಈ ಊರಿನಲ್ಲಿ ನನಗೆ ಹೊಸದೇನೂ ಇಲ್ಲ ಎಂದುಕೊಂಡಾಗಲೆಲ್ಲ ಏನಾದರೊಂದು ಬಾಗಿಲಿಗೆ ಬಂದು ನಿಲ್ಲುತ್ತದೆ. ಈ ಸಲ ಬಂದದ್ದು ಪರ್ಶಿಯನ್ ಬೆಕ್ಕು.

೧

ಪಕ್ಕದ ಮನೆಯ ಮಾಸ್ತರರು ಹೃದಯದ ಆಪರೇಶನ್ನಿಗೆ ಮಿರಜಕ್ಕೆ ಹೊರಟರು. ಒಂಟಿ ಜೀವ, ಜೊತೆಗಿದ್ದದ್ದು ಈ ಬೆಕ್ಕು ಮೋತಿ ಒಂದೇ. ಅದನ್ನು ನನ್ನ ಕೈಗಿತ್ತು, ದಿನಕ್ಕೆರಡು ಸಲ ಬಾಚಬೇಕು, ಕಣ್ಣು ಒರೆಸಬೇಕು, ಹಾಲು ಹಾಕಬಾರದು, ಗದರಿಸಬಾರದು ಎಂದು ಹಾಳೆ ತುಂಬ ಬರೆದುಕೊಟ್ಟರು. ತಮ್ಮ ಎದೆಯ ಬಗ್ಗೆ ಒಂದು ಮಾತೂ ಆಡಲಿಲ್ಲ.

ಮೋತಿ ಬಂದದ್ದೇ ಮಂಚದ ಕೆಳಗೆ ಸೇರಿತು. ಏನಿಟ್ಟರೂ ಮುಟ್ಟಲಿಲ್ಲ. ಬಾಚಣಿಗೆ ತೋರಿಸಿದರೆ ಕೈ ಪರಚಿತು. ಹಾಲಿನವಳು ಬಗ್ಗಿ ಅದರ ಚಪ್ಪಟೆ ಮುಖ ನೋಡಿ ಮೆಲ್ಲಗೆ ಕೇಳಿದಳು: “ಅಜ್ಜಿ, ಇದರ ಮೂಗಿಗೆ ಯಾರ ಗುದ್ದ್ಯಾರ್ರಿ? ಮಾಸ್ತರ ಬಂದ್ರ ಏನ ಹೇಳ್ತೀರಿ?”

೨

ಮರುದಿನವೂ ತಿನ್ನಲಿಲ್ಲ. ಸಂಜೆ ಮಾಸ್ತರರು ವಿಡಿಯೊ ಕರೆ ಮಾಡಿ, ಮೋತಿ ಉಂಡದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಆಪರೇಶನ್ ಕಾಗದಕ್ಕೆ ಸಹಿ ಎಂದರು. ಡಾಕ್ಟರು ನೋಡಿದರೆ ಒಂದು ದಿನವೂ ತಡ ಬೇಡ ಅಂದಿದ್ದಾರಂತೆ.

ಬೆಳಿಗ್ಗೆ ದನದ ಡಾಕ್ಟರನ್ನು ಕರೆಸಿದೆ. ಅವರು ರೂಢಿಯಂತೆ ಚೀಟಿ ತೆಗೆದು, ಎಷ್ಟನೇ ಸೂಲು, ದಿನಕ್ಕೆಷ್ಟು ಲೀಟರು ಹಾಲು ಎಂದು ಕೇಳಿದರು. ಮೋತಿ ಗಂಡು ಎಂದಾಗ ಎರಡನ್ನೂ ಗೀಟೆಳೆದು ಹೊಡೆದುಹಾಕಿದರು. ಹೊಟ್ಟೆ ಮುಟ್ಟಿ ನೋಡಿದ ಮೇಲೆ ಮಾತ್ರ ಮುಖ ಬಿಗಿಯಾಯಿತು. ಮಾಸ್ತರರು ಹಾಸಿಗೆ ಹಿಡಿದಾಗಿನಿಂದ ಬಾಚದೆ ಕೂದಲು ಗಂಟುಕಟ್ಟಿದೆ, ಚರ್ಮ ಜಗ್ಗುವ ನೋವಿಗೆ ಉಣ್ಣುತ್ತಿಲ್ಲ, ಹೀಗೇ ಉಪವಾಸ ಬಿದ್ದರೆ ಲಿವರ್ ಕೆಡುತ್ತದೆ, ಮೊದಲು ಗಂಟು ತೆಗೆಸಿ ಎಂದರು. “ಸಂಜಿ ತನಕಾ ತಿನ್ನಲಿಲ್ಲಂದ್ರ ಇದನ್ನೂ ಮಿರಜಕ್ಕ ಒಯ್ರಿ.”

ಮಾಸ್ತರರ ಪಕ್ಕದ ಹಾಸಿಗೆ ಖಾಲಿ ಇದೆಯೇ ಎಂದು ವಿಚಾರಿಸುವುದೊಂದು ಬಾಕಿ ಉಳಿಯಿತು.

೩

ಕತ್ತರಿ ಹಿಡಿದರೆ ನನ್ನ ಕೈ ನಡುಗುತ್ತದೆ. ಅಲಖನೂರಿನಿಂದ ಕುರಿ ಉಣ್ಣೆ ಕತ್ತರಿಸುವವನೊಬ್ಬ ಓಣಿಗೆ ಬಂದಿದ್ದ, ಅವನನ್ನೇ ಕರೆದೆ. ಹೊಟ್ಟೆಯ ಗಂಟಷ್ಟೇ ತೆಗೆಯಪ್ಪ ಎಂದು ಹೇಳಿ ಚಹಾ ಇಡಲು ಒಳಗೆ ಹೋದೆ. ಚಹಾ ಕುದಿಯುವಷ್ಟರಲ್ಲಿ, ಮುಖ ಮತ್ತು ಬಾಲ ಬಿಟ್ಟು ಮೋತಿ ಪೂರ್ತಿ ಬೋಳು. ಬೆನ್ನ ಮೇಲೆ ಹಸಿರು ಬಣ್ಣದ ದಪ್ಪ ಪಟ್ಟಿ ಬೇರೆ. ಒರೆಸಿದಷ್ಟೂ ಹರಡಿತು.

“ಇದೇನಪ್ಪಾ ಮಾಡಿಬಿಟ್ಟೆ?” ಎಂದೆ.

“ಗುರುತರೀ ಯವ್ವಾ. ಮಂದಿ ಕುರಿ ಹಿಂಡಿನ್ಯಾಗ ಕೂಡಿದ್ರ ಹೆಂಗ ಹುಡುಕ್ತೀರಿ?”

೪

ಗಂಟು ಹೋದದ್ದೇ ಮೋತಿ ಮೈ ಮುರಿದು ನಾನಿಟ್ಟ ಮೀನಿನ ವಾಸನೆ ಹಿಡಿದು ಬಂತು. ಅಷ್ಟರಲ್ಲಿ ಮಾಸ್ತರರ ಕರೆ. ಗಡಬಡಿಸಿ ಅದಕ್ಕೆ ನನ್ನ ಶಾಲು ಸುತ್ತಿ, ಮುಖ ಮತ್ತು ತಟ್ಟೆ ಮಾತ್ರ ಕಾಣುವಂತೆ ಫೋನು ಹಿಡಿದೆ. ಥಂಡಿ ಎಂದು ಸುಳ್ಳು ಹೇಳಿದೆ. ಅದು ಗಬಗಬ ತಿಂದಿತು. ಮಾಸ್ತರರು ಕಣ್ಣೊರೆಸಿಕೊಂಡು ಪೆನ್ನು ಎತ್ತಿಕೊಂಡರು.

ಉಂಡು ಮುಗಿಸಿದ ಮೋತಿ ಶಾಲು ಕೊಡವಿ, ಪೊದೆಯಂಥ ಬಾಲವೆತ್ತಿ, ಹಸಿರು ಬೆನ್ನು ತೋರಿಸುತ್ತ ಫೋನಿನ ಮುಂದೆಯೇ ಹಾದುಹೋಯಿತು.

ಮಾಸ್ತರರ ಕೈ ಎದೆಗೆ ಹೋಯಿತು. ನರ್ಸು ಓಡಿಬಂದಳು. ನಾನು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ.

ಮಾಸ್ತರರು ಅಂಗಿಯ ಗುಂಡಿ ಬಿಚ್ಚುತ್ತಿದ್ದರು. ನಾಳೆಯ ಆಪರೇಶನ್ನಿಗೆಂದು ಆಸ್ಪತ್ರೆಯವರು ಎದೆ ನುಣ್ಣಗೆ ಬೋಳಿಸಿ, ಔಷಧದ ಕಂದು ಬಣ್ಣ ಬಳಿದಿದ್ದರು. ನಾನು ಕುರಿಯವನ ಕಥೆಯನ್ನೆಲ್ಲ ಒಪ್ಪಿಸಿದೆ.

“ನೋಡ್ರಿ ಅಜ್ಜಿ, ನನಗೂ ಹಂಗ ಮಾಡ್ಯಾರ. ಆದ್ರ ನಿಮ್ಮ ಕುರಿಯವನ ಚಲೋರಿ. ಅವನ ಕೈಯಾಗ ಬೋಳಿಸಿಕೊಂಡವಗ ಮೀನ ಸಿಕ್ಕಾವ. ನನಗ ಇಲ್ಲಿ ನೀರೂ ಕೊಡವಲ್ಲರು.”

ನಗುತ್ತಲೇ ಸಹಿ ಹಾಕಿದರು.