ಎಂಜಿನ್ನಿಗೆ ಹಾಕಿಸಿದ ರಬ್ಬರ್

ಹಳೆಯ ಮೋಟಾರ್ ಸೈಕಲ್ ನಡುಗಿದರೆ ಜನ ರಿಪೇರಿಗೆ ಓಡುತ್ತಾರೆ. ಓಡಬೇಡಿ. ನಡುಗುವ ಗಾಡಿಯ ಹಿಂದೆ ಕೂತವರು ಮಾತಾಡುವುದಿಲ್ಲ. ಆ ಸುಖ ಹೋದ ಮೇಲೆಯೇ ನನಗೆ ತಿಳಿದದ್ದು. ಅಪ್ಪನ ಕಾಲದ ನಮ್ಮ ಫಟಫಟಿಯಲ್ಲಿ ಎಂಜಿನ್ನನ್ನು ಬರೀ ಕಬ್ಬಿಣದ ಪಟ್ಟಿಗಳಿಂದ ಚೌಕಟ್ಟಿಗೆ ಬಿಗಿದಿದ್ದರು. ಎಂಜಿನ್ ನಡುಗಿದರೆ ಹ್ಯಾಂಡಲ್ಲು, ಸೀಟು, ಸೀಟಿನ ಮೇಲಿದ್ದವರ ಹಲ್ಲು ಎಲ್ಲವೂ ನಡುಗುತ್ತಿದ್ದವು. ಕನ್ನಡಿಯಲ್ಲಿ ಒಂದು ಲಾರಿ ಮೂರಾಗಿ ಕಾಣುತ್ತಿತ್ತು. ನಮ್ಮೂರು ತಾಂಬಾದಿಂದ ಇಂಡಿಗೆ ಹೋಗಿ ಇಳಿದವರು ಚಹಾದ ಬಸಿ ಹಿಡಿದರೆ ಅರ್ಧ ಚಹಾ ಅಂಗಿಯ ಮೇಲೆ.

ಅಷ್ಟರಲ್ಲಿ ನನಗೆ ನಾಲತವಾಡದ ಸಂಬಂಧ ಬಂತು. ಹುಡುಗಿಯನ್ನು ನೋಡಿ ಬಂದಿದ್ದೆ, ಮನಸ್ಸಿಗೆ ಬಂದಿದ್ದಳು. ಅವಳ ಅಪ್ಪ ನಮ್ಮ ಮನೆ ನೋಡಲು ಬರುವುದೊಂದು ಬಾಕಿ. ಸಿಂದಗಿಯವರೆಗೆ ಬಸ್ಸು, ಅಲ್ಲಿಂದ ನಾನು ಕರೆತರಬೇಕು. ಅವರಿಗೆ ನಡುನೋವು ಬೇರೆ.

“ಆ ಫಟಫಟಿ ಮ್ಯಾಲ ಕುಂಡ್ರಿಸಿದ್ರ ಅರ್ಧ ದಾರ್ಯಾಗ ಇಳದು ಮಗಳನ್ನ ಬ್ಯಾರೇ ಕಡೆ ಕೊಡ್ತಾರ,” ಎಂದಳು ಅವ್ವ.

ಸಂಬಂಧ ತಂದ ಕಾಕಾನ ಚಿಂತೆಯೇ ಬೇರೆ. ನಾನು ಹತ್ತನೇ ಇಯತ್ತೆ ಪಾಸು ಅಂತ ಆತ ಹೇಳಿಬಿಟ್ಟಿದ್ದ. “ಮನ್ಯಾಗ ನಾ ಮಾತಾಡ್ತೇನಿ. ನೀ ಬಾಯಿ ತಗೀಬ್ಯಾಡ,” ಎಂದ.

ಇಂಡಿಯ ಮಿಸ್ತ್ರಿಯ ಹತ್ತಿರ ಹೋದೆ. ಆಲಮಟ್ಟಿ ಕಡೆಯಿಂದ ಹಳೆ ಸಾಮಾನಿನಲ್ಲಿ ಬಂದಿದ್ದ ದಪ್ಪ ರಬ್ಬರ್ ಅವನ ಹತ್ತಿರ ಬಿದ್ದಿತ್ತು. ಹೊಸ ಪಟ್ಟಿ ಮಾಡಿಸಿ, ಬೋಲ್ಟು ಹೋಗುವ ಕಡೆಯೆಲ್ಲ ರಬ್ಬರಿನ ಬಳೆ ಕೂರಿಸಿದ. ಕಿಕ್ ಹೊಡೆದರೆ ಎಂಜಿನ್ ತನ್ನಷ್ಟಕ್ಕೆ ಕುಣಿಯುತ್ತಿತ್ತು, ಗಾಡಿ ಸುಮ್ಮನಿತ್ತು. ಹಳೆ ಪಟ್ಟಿಗಳನ್ನು ತಂದು ದನದ ಕೊಟ್ಟಿಗೆಯ ಮೂಲೆಗೆ ಒಗೆದೆ.

ಹುಡುಗಿಯ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಸಿಂದಗಿ ದಾಟಿದೆ. ಕನ್ನಡಿಯಲ್ಲಿ ಅವರ ಮೀಸೆ ಒಂದೇ ಒಂದಾಗಿ, ಚೊಕ್ಕವಾಗಿ ಕಾಣುತ್ತಿತ್ತು.

“ಗಾಡಿ ಭಾಳ ಛಲೋ ಐತಿ ತಮ್ಮಾ. ನಡಾ ಗೊತ್ತಾಗವಲ್ದು. ಸಾಲಿ ಎಲ್ಲೀಮಟಾ ಕಲ್ತಿ?”

ಮೊದಲಿನಂತೆ ನಡುಗುತ್ತಿದ್ದರೆ ಕೇಳಿಸಲಿಲ್ಲ ಎಂದು ತಾಂಬಾ ಮುಟ್ಟಿಸುತ್ತಿದ್ದೆ. ಈಗ ಅವರು ಕೆಮ್ಮಿದ್ದೂ ಕೇಳಿಸುತ್ತಿತ್ತು.

“ಏಳನೇತ್ತಾರಿ. ಅದೂ ಫೇಲ್.”

“ನಿಮ್ಮ ಕಾಕಾ ಹತ್ತನೇತ್ತಾ ಅಂದ್ರಲ್ಲ?”

“ಸಾಲಿಗೆ ಹೋದಾವ ನಾನ್ರಿ, ಕಾಕಾ ಅಲ್ಲ.”

ಹೋಯಿತು ಹುಡುಗಿ ಅಂದುಕೊಂಡೆ. ಆಮೇಲೆ ಹೆಗಲ ಮೇಲೆ ಕೈ ಬಿತ್ತು.

“ಹೊಲಾ ಎಷ್ಟೈತಿ? ಅದನ್ನೂ ನೀನ ಹೇಳಿಬಿಡು.”

ಊರು ಮುಟ್ಟುವುದರೊಳಗೆ ಎಲ್ಲ ಹೇಳಿದ್ದೆ. ಹೊಲ, ಬಾವಿ, ಅಣ್ಣನ ಸಿಟ್ಟು, ನನ್ನ ಗುಟಕಾ, ಕೊಟ್ಟಿಗೆಗೆ ಒಗೆದ ಹಳೆ ಪಟ್ಟಿ ಕೂಡ. ಮನೆಯಲ್ಲಿ ಕಾಕಾ ನಮ್ಮ ಹೊಲವನ್ನು ಎರಡು ಪಟ್ಟು ಮಾಡಿ, ಬಾವಿಗೆ ಇಲ್ಲದ ನೀರು ತುಂಬಿಸಿದ. ಅವರು ಚುರುಮುರಿ ಸುಸಲಾ ತಿನ್ನುತ್ತ ಹೂಂ ಹೂಂ ಅಂದರು. ಕೈ ತೊಳೆದು ಬಂದು ಹೇಳಿದರು:

“ನಮಗ ಒಪ್ಪಿಗಿ ಐತ್ರಿ. ಆದ್ರ ಹುಡುಗ ಹೇಳಿದ್ದಷ್ಟ ನಾವು ಹಿಡದೇವಿ.”

ಕಾಕಾ ಇವತ್ತಿಗೂ ನನ್ನ ಗಾಡಿ ಹತ್ತುವುದಿಲ್ಲ.

ಮಾವ ಹತ್ತುತ್ತಾರೆ. ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಬರುತ್ತಾರೆ. ಈಗ ತಾಂಬಾಕ್ಕೇ ಬಸ್ಸಿದ್ದರೂ ಸಿಂದಗಿಯಲ್ಲಿ ಇಳಿದು ನನ್ನ ದಾರಿ ಕಾಯುತ್ತಾರೆ. “ಅಳಿಯಾರ, ಗುಟಕಾ ಬಿಟ್ಟೀರೋ ಇಲ್ಲೋ?” ಎಂದು ಶುರುವಾದರೆ ಮನೆ ಬಾಗಿಲವರೆಗೆ ವಿಚಾರಣೆ. ಮೊನ್ನೆ ಸಾಕಾಗಿ, ಹಳೆ ಪಟ್ಟಿಗಳನ್ನೇ ಹಾಕಿಸಿಬಿಡೋಣ ಎಂದು ಕೊಟ್ಟಿಗೆಯಲ್ಲಿ ಹುಡುಕಿದೆ. ಇರಲಿಲ್ಲ. ಹೆಂಡತಿಯನ್ನು ಕೇಳಿದೆ.

“ಹಳೇ ಕಬ್ಬಿಣದಾವಗ ಹಾಕಿ ಬಳ್ಳೊಳ್ಳಿ ತಗೊಂಡ್ನೆಲ್ರಿ.”

“ಒಂದ ಮಾತು ನನ್ನ ಕೇಳಬೇಕಿಲ್ಲೋ?”

“ಲಗ್ನ ಆದ ವಾರದಾಗ ನಮ್ಮಪ್ಪ ಹೇಳಿದ್ದ,” ಎಂದಳು, “ಮೊದ್ಲ ಆ ಪಟ್ಟಿ ಕೊಟ್ಟುಬಿಡು ಅಂತ.”