ಮಾವ ಟ್ರೈಲರಿಗೆ ಲೈಟು ಹಾಕಿದ್ದು

ನಮ್ಮ ಸೋದರಮಾವ ಈ ಲೋಕದಲ್ಲಿ ನಂಬುವುದು ಒಂದೇ ಒಂದನ್ನು. ಅದು ದೇವರಲ್ಲ. ನಮ್ಮತ್ತೆಯಂತೂ ಅಲ್ಲವೇ ಅಲ್ಲ! ಎರಡು ತುಂಡು ವೈರು ಸಿಕ್ಕಿಸಿದ, ಹನ್ನೆರಡು ವೋಲ್ಟಿನ ಒಂದು ಪುಟ್ಟ ಬಲ್ಬು. ಬೇರೆಯವರು ಪೆನ್ನು ಇಟ್ಟುಕೊಳ್ಳುವ ಜೇಬಿನಲ್ಲಿ ಮಾವ ಅದನ್ನು ಇಟ್ಟುಕೊಂಡಿರುತ್ತಾರೆ. ವೈರಿಗೆ ತಾಗಿಸಿದಾಗ ಬಲ್ಬು ಹೊತ್ತಿಕೊಂಡರೆ ಕರೆಂಟು ಇದೆ, ಹೊತ್ತಿಕೊಳ್ಳದಿದ್ದರೆ ಇಲ್ಲ. ಇನ್ನು ಮನುಷ್ಯರು ಹೇಳುವುದೆಲ್ಲ ಬರೀ ಬಾಯಿಮಾತು.

ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ಶ್ರೀರಂಗಪಟ್ಟಣದ ಬಸ್ಸು ನಿಂತಿದೆ ಅಂದುಕೊಳ್ಳಿ. ಬೋರ್ಡು ಓದಿ ಹತ್ತುವವರು ನಾವು. ಮಾವ ಮೊದಲು ಕಂಡಕ್ಟರನ್ನು ಕೇಳುತ್ತಾರೆ. ಅವನು ಹೌದು ಅಂದರೆ ಡ್ರೈವರನ್ನು ಕೇಳುತ್ತಾರೆ. ಇಬ್ಬರೂ ಒಂದೇ ಮಾತು ಹೇಳಿದರಲ್ಲ, ಅದೇ ಅನುಮಾನ! ಕಿಟಕಿಯ ಪಕ್ಕ ಕೂತ ಮುದುಕಿಯನ್ನು ವಿಚಾರಿಸುವಷ್ಟರಲ್ಲಿ ಬಸ್ಸು ಹೊರಟುಹೋಗುತ್ತದೆ. ಆಗ ನನ್ನ ಕಡೆ ತಿರುಗಿ, “ನೋಡ್ದಾ? ಹತ್ತುಸ್ಕಬಾರ್ದು ಅಂತ ಮೊದ್ಲೇ ಮಾತಾಡ್ಕಂಡಿದ್ರು ಕಣ್ಲಾ,” ಎನ್ನುತ್ತಾರೆ.

ಒಮ್ಮೆ ಡಾಕ್ಟರು ಮಾವನ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ಜಾಸ್ತಿ ಇದೆ ಎಂದರು. ಮಿಷನ್ನೇ ಸರಿಯಿಲ್ಲದಿದ್ದರೆ? ಮಾವ ಡಾಕ್ಟರ ತೋಳಿಗೇ ಪಟ್ಟಿ ಸುತ್ತಿಸಿ ನೋಡುವ ತನಕ ಕುರ್ಚಿ ಬಿಟ್ಟು ಏಳಲಿಲ್ಲ. ಡಾಕ್ಟರದ್ದು ಮಾವನಿಗಿಂತ ಜಾಸ್ತಿ ಬಂತು! ಆ ದಿನದಿಂದ ಡಾಕ್ಟರು ತಪ್ಪದೆ ಮಾತ್ರೆ ನುಂಗುತ್ತಿದ್ದಾರೆ. ಮಾವ ನುಂಗುತ್ತಿಲ್ಲ.

ಇಂಥವರ ಅನುಮಾನಕ್ಕೆ ಒಂದು ದೊಡ್ಡ ಕೆಲಸ ಸಿಕ್ಕಿದ್ದು ನನ್ನಿಂದ. ಅದನ್ನು ನಡೆದ ಹಾಗೆಯೇ ಹೇಳುತ್ತೇನೆ. ನಾನು ಪಾಂಡವಪುರದಲ್ಲಿ ಕೆಲಸ ಮುಗಿಸಿ ಕ್ಯಾತನಹಳ್ಳಿಗೆ ಸ್ಕೂಟರಿನಲ್ಲಿ ಬರುತ್ತಿದ್ದೆ. ಹೊತ್ತು ಮುಳುಗಿತ್ತು, ಕತ್ತಲೆ ಪೂರ್ತಿ ಆಗಿರಲಿಲ್ಲ. ಎದುರಿನಿಂದ ಬಂದ ಲಾರಿಯ ಬೆಳಕು ಕಣ್ಣಿಗೆ ಹೊಡೆಯಿತು. ಲಾರಿ ದಾಟಿದ ಮೇಲೆ ನನ್ನ ಮುಂದೆ ರಸ್ತೆ ಇರಲಿಲ್ಲ, ಕಬ್ಬಿನ ಸೋಗೆ ಇತ್ತು. ಕೈ ಬಲಕ್ಕೆ ಎಳೆಯಿತು. ಹ್ಯಾಂಡಲಿನ ಎಡತುದಿ ಯಾವುದಕ್ಕೋ ಉಜ್ಜಿದ ಸದ್ದು ಕೇಳಿಸಿತು. ಆಮೇಲೆ ನಾನು ನೆಲದ ಮೇಲಿದ್ದೆ. ಕಬ್ಬು ತುಂಬಿದ ಟ್ರೈಲರು ನಿಲ್ಲದೆ, ಅದೇ ನಿಧಾನದಲ್ಲಿ, ಮುಂದೆ ಹೋಗುತ್ತಿತ್ತು. ಹಿಂದೆ ಒಂದು ಲೈಟೂ ಇರಲಿಲ್ಲ. ಟ್ರಾಕ್ಟರಿನ ಸದ್ದಿನಲ್ಲಿ ಡ್ರೈವರಿಗೆ ಗೊತ್ತೇ ಆಗಿರಲಿಕ್ಕಿಲ್ಲ.

ಕೊರಳ ಕೆಳಗಿನ ಮೂಳೆ ಬಿರುಕು ಬಿಟ್ಟಿತ್ತು. ಅದು ಕೂಡಿಕೊಂಡಿತು. ಆದರೆ ಸ್ಕೂಟರು ಹತ್ತಲು ನನ್ನಿಂದ ಆಗಲಿಲ್ಲ. ಬೀಗದ ಕೈ ತಿರುಗಿಸಿದರೆ ಸಾಕು, ಕಣ್ಣ ಮುಂದೆ ಸೋಗೆ ಬಂದು ನಿಲ್ಲುತ್ತಿತ್ತು. ಸಂಜೆ ಕೆಲಸ ಮುಗಿದ ಮೇಲೆ ಬಸ್ಸಿಗಾಗಿ ಕಾಯುವುದೇ ನನ್ನ ಪಾಡಾಯಿತು.

ಆಸ್ಪತ್ರೆಗೆ ಬಂದ ಮಾವ ಮೊದಲು ಕೇಳಿದ್ದು ಟ್ರೈಲರು ಯಾರದು ಎಂದು. ಗೊತ್ತಿಲ್ಲ ಎಂದೆ. ನಂಬರು? ನೋಡಲಿಲ್ಲ. ಬಣ್ಣ? ಕಾಣಲಿಲ್ಲ. ಮಾವ ನನ್ನನ್ನೇ ದಿಟ್ಟಿಸಿದರು. ನಾನು ಯಾರನ್ನೋ ಕಾಪಾಡುತ್ತಿದ್ದೇನೆ ಎಂಬ ಅನುಮಾನ! “ನಾನೂ ಅವತ್ತು ಅದೇ ರೋಡಲ್ಲಿ ಟ್ರಾಕ್ಟ್ರಲ್ಲಿ ಲೋಡು ಹೊಡೀತಿದ್ದೆ ಕಣ್ಲಾ. ಕಣ್ಣಿಗೆ ಬಿದ್ದಿದ್ರೆ ಬುಡ್ತಿದ್ನಾ ಆ ನನ್ಮಗನ್ನ?” ಎಂದರು.

ಅಲ್ಲಿಂದ ಶುರುವಾಯಿತು ತನಿಖೆ. ನನ್ನ ಸ್ಕೂಟರು ಗಿಣಿಹಸಿರು ಬಣ್ಣದ್ದು. ಅದು ಉಜ್ಜಿದ ಟ್ರೈಲರಿನ ಮೇಲೆ ಹಸಿರು ಗೀರು ಇರಲೇಬೇಕು ಎಂಬುದು ಮಾವನ ಲೆಕ್ಕ. ಅಳೆಯುವ ಟೇಪು ಹಿಡಿದು ನನ್ನ ಹ್ಯಾಂಡಲಿನ ಎತ್ತರ ಬರೆದುಕೊಂಡರು. ಊರಿನ ಟ್ರೈಲರುಗಳಾದವು, ಪಕ್ಕದ ಊರಿನವಾದವು. ಕೆ.ಆರ್. ಪೇಟೆ ಕಡೆಯ ಶೀಳನೆರೆಯಲ್ಲಿ ಮದುವೆಗೆ ಹೋದವರು ಊಟಕ್ಕೆ ಕೂರದೆ ಹೆಣ್ಣಿನ ಕಡೆಯವರ ಟ್ರೈಲರಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಬೀಗರು ಬಂದು, ಏನಾದರೂ ಕಳೆದುಹೋಯಿತೇ ಎಂದು ಕೇಳಿದರಂತೆ. ಮಾವ ಅವರನ್ನೂ ಪಟ್ಟಿಗೆ ಸೇರಿಸಿಕೊಂಡು ಬಂದರು!

ತನಿಖೆ ನಿಂತದ್ದು ಅರಕೆರೆಯಲ್ಲಿ. ಅಲ್ಲೊಬ್ಬ ಯಜಮಾನರ ಟ್ರೈಲರಿಗೆ ಲೈಟಿಲ್ಲದ್ದನ್ನು ಕಂಡು ಮಾವ ಅವರ ಮೇಲೆ ರೇಗಿದರು. ಆ ಯಜಮಾನರು ಎಲೆಯಡಿಕೆ ಅಗಿಯುತ್ತ ಎಲ್ಲ ಕೇಳಿಸಿಕೊಂಡು, “ನಿಮ್ದ್ರಲ್ಲಿ ಅವ್ಯಾ ಲೈಟು?” ಎಂದರಂತೆ.

ಇರಲಿಲ್ಲ. ಎಡಗಡೆಯದು ಗದ್ದೆಯ ಬದುವಿಗೆ ತಾಗಿ ಒಡೆದು ವರ್ಷವಾಗಿತ್ತು, ಬಲಗಡೆಯದು ಯಾವಾಗ ಹೋಯಿತೋ ಮಾವನಿಗೇ ಗೊತ್ತಿರಲಿಲ್ಲ.

ಮಾರನೆಯ ದಿನವೇ ಪಾಂಡವಪುರದಿಂದ ಹೊಸ ಲೈಟಿನ ಜೋಡಿ, ವೈರಿನ ಸುರುಳಿ, ಟ್ರಾಕ್ಟರಿಗೂ ಟ್ರೈಲರಿಗೂ ನಡುವೆ ಸಿಕ್ಕಿಸುವ ಸಾಕೆಟ್ಟು ಬಂದವು. ಅದು ಭಾನುವಾರ, ಹಿಡಿದುಕೊಳ್ಳಲು ನಾನು. ಯಾವ ಬಣ್ಣದ ವೈರು ಯಾವ ಲೈಟಿಗೆ ಎಂದು ರಟ್ಟಿನ ಡಬ್ಬದ ಮೇಲೆ ಅಚ್ಚು ಹಾಕಿತ್ತು. ನಾನು ಓದಿ ಹೇಳಿದರೆ ಮಾವ ಡಬ್ಬ ಕಿತ್ತುಕೊಂಡು ಒಲೆಗೆ ಹಾಕಿದರು. “ಬಣ್ಣ ಬಳಿದೋನು ಯಾರೋ ಏನೋ. ನಂಬಕಾಯ್ತದಾ?” ಒಂದೊಂದು ವೈರನ್ನೂ ಒಂದು ತುದಿಗೆ ಬ್ಯಾಟರಿ, ಇನ್ನೊಂದು ತುದಿಗೆ ಬಲ್ಬು ತಾಗಿಸಿ ಪತ್ತೆ ಮಾಡಿದರು. ಮಧ್ಯಾಹ್ನವಾಯಿತು. ಕೊನೆಗೆ ಡಬ್ಬದಲ್ಲಿ ಬರೆದಿದ್ದಂತೆಯೇ ಎಲ್ಲವೂ ಇತ್ತು. ಅದಕ್ಕೂ ಬೇಸರಪಟ್ಟುಕೊಂಡರು!

ಲೈಟನ್ನು ಎಲ್ಲರ ಹಾಗೆ ಹಿಂದಿನ ಹಲಗೆಯ ಮೇಲುಗಡೆ ಕೂರಿಸಲು ಹೊರಟಾಗ ನಾನು ಬಾಯಿಬಿಟ್ಟೆ. ಕಬ್ಬು ಹೇರಿದ ಮೇಲೆ ಸೋಗೆ ಇಳಿಬಿದ್ದು ಮುಚ್ಚಿಕೊಳ್ಳುತ್ತದೆ, ಅವತ್ತು ನಾನು ಕಂಡದ್ದು ಅದನ್ನೇ ಎಂದೆ. ಮಾವ ನನ್ನ ಮುಖ ನೋಡಿದರು. ಎರಡು ಕಬ್ಬಿಣದ ಪಟ್ಟಿ ತಂದು, ಸೋಗೆಗೆ ನಿಲುಕದ ಹಾಗೆ ಕೆಳಗೆ, ಹೊರಕ್ಕೆ ಚಾಚಿ ಕೂರಿಸಿದರು. ಮಾವ ನನ್ನ ಮಾತು ಕೇಳಿದ್ದು ಅದೇ ಮೊದಲು. ನನಗೇ ಅನುಮಾನ ಬಂತು.

ಎಲ್ಲ ಜೋಡಿಸಿ ಬ್ರೇಕು ಒತ್ತಿದರೆ ಎಡಗಡೆಯ ಇಂಡಿಕೇಟರು ಮಿಣುಕಿತು. ಇಂಡಿಕೇಟರು ಹಾಕಿದರೆ ಎರಡೂ ಕಡೆ ಮಂಕಾಗಿ ಉರಿದವು. ಮಾವ ಮೊದಲು ಅಂಗಡಿಯವನನ್ನು ಬೈದರು. ಆಮೇಲೆ ಇಲಿಗಳನ್ನು. ಆಮೇಲೆ ವೈರು ಹಿಡಿದಿದ್ದ ನನ್ನ ಕೈಯನ್ನು. ಅತ್ತೆ ಜಗಲಿಯಿಂದಲೇ, “ಆಯುಧಪೂಜೇಲಿ ಗಾಡಿಗೆಲ್ಲ ಕೆಂಪು ಬಳ್ದಿದ್ದು ಇಲಿನಾ?” ಎಂದರು.

ಅಷ್ಟೇ ಆಗಿತ್ತು. ಲೈಟು ಉರಿಯಲು ಒಂದು ವೈರು ಟ್ರೈಲರಿನ ಬರಿ ಕಬ್ಬಿಣಕ್ಕೆ ಕಚ್ಚಿಕೊಂಡಿರಬೇಕು. ಅದಕ್ಕೆ ಅರ್ತು ಅನ್ನುತ್ತಾರೆ. ಪೂಜೆಯ ದಿನ ಮಾವ ಭಕ್ತಿಯಿಂದ ಬೋಲ್ಟು, ನಟ್ಟು ಯಾವುದನ್ನೂ ಬಿಡದೆ ಎರಡೆರಡು ಕೈ ಬಣ್ಣ ಹೊಡೆದಿದ್ದರು. ಅರ್ತಿಗೆ ಕಬ್ಬಿಣವೇ ಸಿಗುತ್ತಿರಲಿಲ್ಲ! ಮಾವ ಬಣ್ಣ ಕೆರೆಯುವ ಉಪ್ಪಿನ ಕಾಗದ ತೆಗೆದುಕೊಂಡು ಹಿಂದಿನ ಬಲಮೂಲೆಯನ್ನು ಉಜ್ಜತೊಡಗಿದರು.

ಉಜ್ಜುವ ಸದ್ದು ನಿಂತಿತು.

“ಬಾ ಇಲ್ಲಿ,” ಎಂದರು.

ಹೊಸ ಕೆಂಪು ಬಣ್ಣದ ಕೆಳಗೆ ಬೆರಳುದ್ದದ ಹಸಿರು ಗೀರು ಇತ್ತು. ಮಾವ ಟೇಪು ಹಿಡಿಯಲಿಲ್ಲ. ಎತ್ತರ ಇಬ್ಬರಿಗೂ ಬಾಯಿಪಾಠವಾಗಿತ್ತು. ಇಷ್ಟೂರು ಸುತ್ತಿದವರು ತಮ್ಮ ಟ್ರೈಲರಿನ ಹಿಂದೆ ಮಾತ್ರ ಒಂದು ದಿನವೂ ಕುಕ್ಕರಗಾಲಲ್ಲಿ ಕೂತಿರಲಿಲ್ಲ.

“ಹಳೇ ಬಣ್ಣ ಮಾವ. ಹಿಂದೆ ಯಾವಾಗ್ಲೋ ನೀವೇ ಹಸ್ರು ಹೊಡೆದಿದ್ರಿ,” ಎಂದೆ. ಆ ಟ್ರೈಲರಿಗೆ ಕೆಂಪು ಬಿಟ್ಟು ಬೇರೆ ಬಣ್ಣ ತಾಗಿದ್ದನ್ನು ನಾನು ನೋಡಿಲ್ಲ.

ಮಾವ ನಂಬಲಿಲ್ಲ. ನಂಬುವುದುಂಟೇ! ಉಪ್ಪಿನ ಕಾಗದವನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ಇಷ್ಟು ತಿಂಗಳಲ್ಲಿ ಅವರು ನನ್ನನ್ನು ಎಷ್ಟು ಹೊತ್ತಾಗಿತ್ತು, ಎಲ್ಲಿ, ಯಾವ ಕಡೆ ಎಂದೆಲ್ಲ ಕೇಳಿದ್ದರು. ಈಗ ಕೇಳಿದ್ದನ್ನು ಮಾತ್ರ ಹಿಂದೆಂದೂ ಕೇಳಿರಲಿಲ್ಲ.

“ನೋಯ್ತದೇನ್ಲಾ ಇನ್ನೂವೆ?”

“ಇಲ್ಲ ಮಾವ.”

ತಲೆ ಎತ್ತದೆ ಮೂಲೆಯನ್ನು ಬರಿ ಕಬ್ಬಿಣವಾಗುವ ತನಕ ಉಜ್ಜಿ, ವೈರು ಬಿಗಿದರು. ಲೈಟುಗಳು ಹೊತ್ತಿಕೊಂಡವು. ಹೊತ್ತು ಮುಳುಗುತ್ತಿತ್ತು. ಮಾವ ಟ್ರಾಕ್ಟರು ಹತ್ತಿ, ನನ್ನ ಕಡೆ ನೋಡದೆ, “ಸ್ಕೂಟ್ರು ತಕ್ಕೊಂಡು ಹಿಂದೆ ಬಾ. ಕಾಣ್ತದಾ ಅಂತ ನೀನು ಹೇಳ್ಬೇಕು,” ಎಂದರು.

ಬೀಗದ ಕೈ ಎರಡು ಸಲ ತಪ್ಪಿತು. ಮೂರನೆಯ ಸಲ ಸ್ಕೂಟರು ಶುರುವಾಯಿತು. ಪಾಂಡವಪುರದ ರಸ್ತೆಗೆ ಇಳಿದೆವು. ಮುಂದೆ ಮಾವ, ಹಿಂದೆ ನಾನು. ಟ್ರಾಕ್ಟರಿನ ಮುಂದೆ ಗಾಡಿಯಿಲ್ಲ, ಹಳ್ಳವಿಲ್ಲ, ಅಡ್ಡಬರುವ ಎಮ್ಮೆಯೂ ಇಲ್ಲ. ಆದರೂ ಮಾವ ಹತ್ತು ಮಾರಿಗೊಮ್ಮೆ ಬ್ರೇಕು ಒತ್ತುತ್ತಿದ್ದರು. ಎರಡು ಕೆಂಪು ದೀಪಗಳು ಹೊತ್ತಿಕೊಳ್ಳುವವು, ಆರುವವು. ಹೊತ್ತಿಕೊಂಡಾಗಲೆಲ್ಲ ಅವರು ಹಿಂದಕ್ಕೆ ತಿರುಗಿ, ನಾನು ಇದ್ದೇನೆಯೇ ಎಂದು ನೋಡುತ್ತಿದ್ದರು.